ಒಂಬತ್ತನೇ ಅಚ್ಚು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಎದುರು
ಮೊದಲ ಮಹಡಿಯ ನನ್ನ ಕ್ಲಿನಿಕ್ಕಿಗೆ
ಖಮರುನ್ನೀಸಾ ಬರುವುದು ಮೂರು ಗಂಟೆಗೆ,
ಬೇಸಿನ್ನಿನ ನೀರು ತಣಿದ ಮೇಲೆ.
ಬೆರಳ ತುದಿ ನೆನೆದು ಬಿಳಿಚಿರುತ್ತದೆ.
ಅವಳಿಗಿಂತ ಮೊದಲೇ ಮೆಟ್ಟಿಲು ಹತ್ತುತ್ತದೆ
ಬೆಂದ ಹುಳುವಿನ ವಾಸನೆ.

ವಯಸ್ಸು ನಲವತ್ತಾರು. ಮೇಲಿನ ಬಾಚಿಹಲ್ಲೆರಡು
ಬಸ್ಸಿನ ಬಾಗಿಲಿಗೆ ಜೋತವರ ಹಾಗೆ ಮುಂದೆ.
"ತಂತಿ ಬೇಡ ಡಾಕ್ಟರಮ್ಮ. ಗಾಜಿನಂಥದ್ದು ಇದೆಯಂತಲ್ಲ, ಅದು."
ಗಾಜಲ್ಲ, ಪ್ಲಾಸ್ಟಿಕ್ ಎಂದೆ.
"ಕಾಣಿಸದಿದ್ರೆ ಆಯ್ತು."
ಈಗ ಯಾಕೆ ಎಂದು ನಾನು ಕೇಳಲಿಲ್ಲ.

ಒಂದೊಂದು ಅಚ್ಚಿಗೆ ಕಾಲು ಮಿಲಿಮೀಟರ್.
ಹಲ್ಲು ನಾಳೆ ಎಲ್ಲಿರಬೇಕೋ
ಅಲ್ಲಿನ ಅಳತೆಗೆ ಇವತ್ತೇ ಹೊಲಿದ ಅಂಗಿ,
ಬಿಗಿಯುವುದೇ ಅದರ ಕೆಲಸ.
ಒತ್ತಿದ ಕಡೆ ಮೂಳೆ ಕರಗುತ್ತದೆ,
ಬಿಟ್ಟು ಬಂದ ಕಡೆ ಹೊಸದು ಕಟ್ಟುತ್ತದೆ.
ಹಿಂದಿನ ಗೋಡೆ ಕೆಡವಿ ಮುಂದಿನದು ಎಬ್ಬಿಸುತ್ತಾ
ಮನೆಯೇ ಹೊತ್ತು ಸರಿಯುತ್ತದೆ ಒಳಗಿರುವವನನ್ನು.

ಹೀಗೆಲ್ಲ ಹೇಳುತ್ತಿದ್ದೆ, ಎಂಟನೆಯದರ ತನಕ.

ಒಂಬತ್ತನೆಯದು ಕೂರಲಿಲ್ಲ.
ಎಡ ಬಾಚಿಹಲ್ಲಿನ ಅಂಚಿಗೂ ಪ್ಲಾಸ್ಟಿಕ್ಕಿಗೂ ನಡುವೆ
ಉಗುರು ತೂರುವಷ್ಟು ಗಾಳಿ.
ಎಕ್ಸ್‌ರೇ ಬೆಳಕಿಗೆ ಹಿಡಿದರೆ
ತಲೆ ಒಂಚೂರು ಹಿಂದೆ ಬಾಗಿದೆ,
ಬೇರಿನ ತುದಿ ಮುಂದಕ್ಕೆ ಒದ್ದುಕೊಂಡಿದೆ,
ಮದುವೆಗೆ ಒಪ್ಪಿ, ಹೊಸಿಲಲ್ಲಿ ಕಾಲೂರಿದವರ ಥರ.

ದಿನಕ್ಕೆ ಎಷ್ಟು ಗಂಟೆ ಹಾಕ್ತೀರಿ?
"ನೀವು ಹೇಳಿದಷ್ಟು. ಇಪ್ಪತ್ತೆರಡು."
ಟೀ ಕುಡಿಯುವಾಗ?
"ತೆಗೀತೀನಿ."
ಎಷ್ಟು ಟೀ?
ಬೆರಳು ಮಡಿಸಿದಳು. ಏಳಕ್ಕೆ ನಿಂತಿತು.

ಕಿಟಕಿಯ ಮನಿಪ್ಲಾಂಟಿನ ಕುಂಡದಲ್ಲಿ ಪೆನ್ಸಿಲ್ ನೆಟ್ಟೆ.
ನೋಡಿ, ಮೇಲೆ ಒತ್ತಿದರೆ ಬರೀ ಬೀಳುತ್ತೆ,
ಕೆಳಗೆ ಮಣ್ಣಲ್ಲಿ ಉಲ್ಟಾ ಅಗೀತದೆ.
ನಿಂತ ಹಾಗೇ ಹಿಂದೆ ತರೋಕೆ ಎರಡು ಬೆರಳು ಬೇಕು:
ಒಂದು ಒಸಡಿನ ಪಕ್ಕ, ಮುಂದಿನಿಂದ ಒಳಕ್ಕೆ,
ಇನ್ನೊಂದು ಅಂಚಿನ ಹಿಂದಿನಿಂದ ಹೊರಕ್ಕೆ.
ಎರಡಕ್ಕೂ ಜಗಳ. ಆ ಜಗಳಕ್ಕೆ ನಾವು ಜೋಡಿಬಲ ಅಂತೀವಿ.
ಪ್ಲಾಸ್ಟಿಕ್ಕಿಗೆ ಒಸಡಿನ ಹತ್ತಿರ ಜೋರು ಸಾಲದು,
ಅದಕ್ಕೇ ಅಲ್ಲೊಂದು ಏಣು ಕೊಟ್ಟಿರೋದು.
ಹಾಗಂತ ಹೆಚ್ಚು ಒತ್ತೋ ಹಾಗೂ ಇಲ್ಲ,
ನೆತ್ತರಿನ ದಾರಿ ಮುಚ್ಚಿ ಹಲ್ಲು ಮುಷ್ಕರ ಹೂಡುತ್ತೆ.

"ಗೊತ್ತು" ಅಂದಳು. "ಜೋರು ಎಳೆದ್ರೆ ಕಡಿಯುತ್ತೆ,
ಮೆಲ್ಲಗೆ ಎಳೆದ್ರೆ ಗಂಟು.
ಒಂದೇ ಎಳೇನ ಅದರ ಮೇಲೇ ಸುತ್ತಿ ಬಿಡ್ತೀವಿ, ನೀರು ಹಿಂಡೋಕೆ.
ಮೇಲಕ್ಕೆ ಹೋಗೋದು, ಕೆಳಕ್ಕೆ ಬರೋದು, ಎರಡೂ ಅದೇ."
ಪೆನ್ಸಿಲ್ಲಿನ ಮಣ್ಣೊರೆಸಿ ಟೇಬಲ್ಲಿನ ಮೇಲಿಟ್ಟಳು.
ಆಮೇಲೆ, ಬೇರೆ ಯಾರದೋ ಸುದ್ದಿಯ ಹಾಗೆ:
"ಎಳೆ ಕಡಿದಾಗ ಹಲ್ಲಲ್ಲಿ ಹಿಡಿದೇ ಗಂಟು ಹಾಕೋದು.
ಪ್ಲಾಸ್ಟಿಕ್ ಮೇಲೆ ರೇಷ್ಮೆ ಜಾರುತ್ತೆ.
ಅದಕ್ಕೆ ಬೆಳಿಗ್ಗೆ ತೆಗೆದು ಡಬ್ಬೀಲಿಟ್ಟುಬಿಡ್ತೀನಿ."

ಎಷ್ಟು ವರ್ಷದಿಂದ?

"ಹನ್ನೆರಡರಿಂದ."

ಮೂವತ್ತನಾಲ್ಕು ವರ್ಷ.
ದಿನಕ್ಕೆ ನೂರಾರು ಸಲ, ಕೂದಲಿಗಿಂತ ಸಣ್ಣ ಬಲ,
ಯಾವಾಗಲೂ ಒಂದೇ ದಿಕ್ಕಿಗೆ, ಹೊರಕ್ಕೆ.
ನನಗಿಂತ ಮೊದಲೇ ಯಾರೋ ಈ ಬಾಯಲ್ಲಿ ಕೆಲಸ ಶುರುಮಾಡಿದ್ದರು,
ಅಚ್ಚಿಲ್ಲದೆ, ಏಣಿಲ್ಲದೆ, ಬಿಲ್ಲಿಲ್ಲದೆ.
ಕಂಪ್ಯೂಟರಿನ ನಕ್ಷೆಯಲ್ಲಿ ಆ ಬಾಣ
ನಾನು ಹಾಕಿರಲಿಲ್ಲ.

ಡ್ರಾಯರಿನಿಂದ ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿ ತೆಗೆದು ಕೊಟ್ಟೆ,
ಹಿಡಿಯಲೊಂದು ಚಿಕ್ಕ ಚಿಮಟ ಕೂಡ.
ಮತ್ತೆ ಎಂಟನೆಯದು ಹಾಕಿ, ಎರಡು ವಾರ ಎಂದೆ.
"ಎಳೆ ತಪ್ಪಿದಲ್ಲಿಗೆ ವಾಪಸ್ ಹೋದಂಗೆ."
ಎಲ್ಲ ಮುಗಿದ ಮೇಲೂ ರಾತ್ರಿ ಒಂದು ಹಾಕಿಕೊಳ್ಳಬೇಕು,
ಒಸಡಿನ ನಾರು ಹಳೆಯದನ್ನೇ ಎಳೆಯುತ್ತೆ, ಮರೆಯಲ್ಲ.
"ಎಷ್ಟು ದಿನ?"
ದಿನ ಅಂತ ಇಲ್ಲ.
ನಕ್ಕಳು. ಅಂಗೈ ತಾನಾಗಿ ಬಾಯಿಗೆ ಬಂತು.

ಕಿಟಕಿಯಿಂದ ನೋಡಿದೆ: ಗೂಡಿನ ಚೀಲಗಳ ನಡುವೆ ಹಾದು,
ಟೀ ಅಂಗಡಿ ಮುಂದೆ ನಿಂತು, ಅತ್ತಿತ್ತ ನೋಡಿ,
ಎಂಟನೇ ಅಚ್ಚನ್ನು ಡಬ್ಬಿಗೆ ಹಾಕಿ
ಎಂಟನೇ ಟೀಗೆ ಕೈ ಚಾಚಿದಳು.